ಲಾಂಡ್ರಿಯಲ್ಲಿ ಮತದಾನ

ದೊಡ್ಡಾಸ್ಪತ್ರೆಯ ಬೆನ್ನಿಗೆ, ಹೆಣದ ಕೋಣೆಗೂ ಅಡುಗೆ ಕೋಣೆಗೂ ನಡುವೆ ಲಾಂಡ್ರಿ ಇತ್ತು. ಬದುಕಿದವರ ಹೊದಿಕೆಯೂ ಸತ್ತವರ ಹೊದಿಕೆಯೂ ಅಲ್ಲಿ ಒಂದೇ ಡ್ರಮ್ಮಿನಲ್ಲಿ ಸುತ್ತುತ್ತಿದ್ದವು. ಬೆಳಿಗ್ಗೆ ಆರಕ್ಕೆ ಬಾಯ್ಲರ್ ಎದ್ದು, ಗಂಟಲು ಕೆರೆದುಕೊಂಡು, ಒಂದು ಸಲ ಹಬೆ ಉಗಿಯಿತೆಂದರೆ ನಲವತ್ತೊಂದು ಜನರ ದಿನ ಶುರುವಾಯಿತು ಅಂತ ಅರ್ಥ. ಆಮೇಲೆ ವಾರ್ಡುಗಳಿಂದ ಮೂಟೆಗಳು ಬರುತ್ತಿದ್ದವು. ಮೂಟೆ ಬಿಚ್ಚುವ ಉದ್ದನೆಯ ಕಲ್ಲುಮೇಜಿನ ತಲೆಯಲ್ಲಿ ಅಕ್ಕ ನಿಂತಿರುತ್ತಿದ್ದಳು.

ಆ ಮೇಜಿನ ಕೆಲಸ ನೋಡುವವರಿಗೆ ಸಸಾರ. ಶೀಟು ಬಿಡಿಸು, ಕೊಡವು, ಅಂಗೈಯಲ್ಲಿ ಸವರು, ಗಾಡಿಗೆ ಹಾಕು. ಆದರೆ ಆ ಮಡಿಕೆಗಳೊಳಗೆ ನರ್ಸಮ್ಮಂದಿರು ಮರೆತ ಸೂಜಿ ಇರುತ್ತದೆ, ಬ್ಲೇಡು ಇರುತ್ತದೆ. ಒಂದು ಸಲ ಯಾರದೋ ಕಟ್ಟಿಸಿದ ಹಲ್ಲಿನ ಸೆಟ್ಟೇ ಸಿಕ್ಕಿತ್ತು. ಮೇಜು ದಾಟಿ ಹೋದ ಸೂಜಿ ಡ್ರಮ್ಮಿಗೆ ಏನೂ ಮಾಡುವುದಿಲ್ಲ. ತೊಳೆದುಕೊಂಡು, ಬಿಳುಪಾಗಿ ಹೊರಗೆ ಬಂದು, ಇಸ್ತ್ರಿ ರೋಲರಿನ ಹತ್ತಿರ ಶೀಟು ಹಿಡಿದವರ ಕೈಗೆ ಇಳಿಯುತ್ತದೆ. ಇಪ್ಪತ್ತೆಂಟು ವರ್ಷದಲ್ಲಿ ಅಕ್ಕನ ಕೈ ತಪ್ಪಿಸಿಕೊಂಡು ಹೋದ ಸೂಜಿಗಳು ಮೂರು. ಮೂರೂ ಯಾರ ಕೈಗೆ, ಯಾವ ಬೆರಳಿಗೆ ಚುಚ್ಚಿದವು ಅಂತ ಅವಳಿಗೆ ಇವತ್ತಿಗೂ ನೆನಪು.

ರೋಲರಿನ ಬಾಯಿಗೆ ಶೀಟು ಉಣಿಸುವವನು ಅವಳ ತಮ್ಮ. ವಯಸ್ಸು ಇಪ್ಪತ್ತೊಂಬತ್ತು, ಓದು ಎಂಟನೇ ಕ್ಲಾಸಿನ ಅರ್ಧ. ಸ್ವಲ್ಪ ಬಿಸಿ ತಾಗಿದರೂ ಸಿಡಿಯುತ್ತಾನೆ ಅಂತ ಲಾಂಡ್ರಿಯವರು ಇಟ್ಟ ಹೆಸರು ಸಾಸಿವೆ. ಅವರಮ್ಮ ಇದೇ ಲಾಂಡ್ರಿಯಲ್ಲಿದ್ದವಳು. ಸಾಸಿವೆಗೆ ಒಂದು ವರ್ಷ ತುಂಬುವ ಹೊತ್ತಿಗೆ ತೀರಿಹೋದಳು. ಅವಳ ಜಾಗಕ್ಕೆ ಮಗಳನ್ನು ತೆಗೆದುಕೊಳ್ಳಬೇಕಾದರೆ ಹದಿನೆಂಟು ತುಂಬಿರಬೇಕಿತ್ತು, ತುಂಬಿದ್ದು ಹದಿನೈದು. ಅಂದಿನ ಮೇಸ್ತ್ರಿ ಕೂಸಿನ ಮುಖ ನೋಡಿ ಮರುಗಿ, ಪುಸ್ತಕದಲ್ಲಿ ಮೂರು ವರ್ಷ ಜಾಸ್ತಿ ಬರೆದುಕೊಂಡ. ಆ ಮೂರು ಸುಳ್ಳು ವರ್ಷಗಳೇ ಅಕ್ಕನಿಗೆ ಅನ್ನ ಹಾಕಿದ್ದು, ತಮ್ಮನಿಗೆ ಹಾಲು ಕುಡಿಸಿದ್ದು. ಈಗ ಅವಳಿಗೆ ನಿಜಕ್ಕೆ ನಲವತ್ಮೂರು, ಪುಸ್ತಕಕ್ಕೆ ನಲವತ್ತಾರು. ಮದುವೆ ಯಾಕಾಗಲಿಲ್ಲ ಅಂತ ಯಾರಾದರೂ ಕೇಳಿದರೆ, "ಪುರುಸೊತ್ತೆಲ್ಲಿತ್ತು? ಸೋಮವಾರ ಬಂದ್ರೆ ಮೂಟೆ ಜಾಸ್ತಿ" ಅನ್ನುತ್ತಿದ್ದಳು. ತಮಾಷೆಗಲ್ಲ. ಲಾಂಡ್ರಿ ಬಿಟ್ಟರೆ ಅವಳಿಗೆ ಬೇರೆ ನೆಂಟರಿಲ್ಲ, ಬೇರೆ ಬೀದಿಯಿಲ್ಲ.

ಅಂಥದೊಂದು ಸೋಮವಾರವೇ ಆಡಳಿತಾಧಿಕಾರಿ ಸಾಹೇಬರು ಮೂಗಿಗೆ ಕರ್ಚೀಫು ಹಿಡಿದುಕೊಂಡು ಬಂದು, ಬಾಗಿಲಿಗೆ ಒಂದು ನೋಟಿಸು ಅಂಟಿಸಿ, ಎಲ್ಲರಿಗೂ ನಮಸ್ಕಾರ ಹೇಳಿ ಹೋದರು. ಸಾಹೇಬರು ನಮಸ್ಕಾರ ಹೇಳಿದ್ದು ಅದೇ ಮೊದಲು. ಅಲ್ಲೇ ಜನಕ್ಕೆ ಅನುಮಾನ ಬಂತು.

"ಓದಪ್ಪ ಸಾಸಿವೆ, ಜೋರಾಗಿ ಓದು," ಅಂದ ಬಾಯ್ಲರ್ ಮಾವ. "ನನ್ನ ಕನ್ನಡಕ ಮನೇಲಿ ಉಳೀತು."

"ನಿಮ್ಮ ಕನ್ನಡಕ ಹತ್ತು ವರ್ಷದಿಂದ ಮನೇಲೇ ಉಳ್ಕೊಂಡಿದೆ ಮಾವ."

"ಅದಕ್ಕೂ ವಯಸ್ಸಾಯ್ತು. ಓದೋ."

ಸಾಸಿವೆ ಓದಿದ. ಆಡಳಿತವು ಕಾರ್ಮಿಕರ ಅಭಿಪ್ರಾಯವನ್ನು ಗೌರವಿಸುತ್ತದೆ. ಲಾಂಡ್ರಿಯ ಮುಂದಿನ ದಾರಿಯನ್ನು ಕಾರ್ಮಿಕರೇ ಬರುವ ಸೋಮವಾರ ರಹಸ್ಯ ಮತದಾನದ ಮೂಲಕ ನಿರ್ಧರಿಸತಕ್ಕದ್ದು. ಅಷ್ಟು ಓದಿ ಆಮೇಲಿನದನ್ನು ತನ್ನ ಮಾತಿನಲ್ಲೇ ಹೇಳಿದ. "ಮೊದಲನೇ ಪ್ರಸ್ತಾವನೆ, ನಲವತ್ತೊಂದು ಜನಾನೂ ಒಂದು ಕಂಪನಿಗೆ ಒಪ್ಪಿಸೋದು. ಅವರು ವರ್ಷವರ್ಷ ಬೇಕಾದ್ರೆ ಇಟ್ಕೊಳ್ತಾರೆ, ಬೇಡವಾದ್ರೆ ಬಿಡ್ತಾರೆ. ಎರಡನೇದು, ನಲವತ್ತೈದು ದಾಟಿದ ಒಂಬತ್ತು ಜನ ಮನೆಗೆ. ಮಿಕ್ಕ ಮೂವತ್ತೆರಡು ಜನ ಐದು ವರ್ಷ ಈಗಿರೋ ಹಾಗೇ."

"ಮೂರನೇದು?"

"ಮೂರನೇದಿಲ್ಲ."

"ಅಂದ್ರೆ, ಯಾರೂ ಎಲ್ಲಿಗೂ ಹೋಗೋದು ಬೇಡ ಅನ್ನೋಕೆ ಟಿಕ್ಕು ಹಾಕೋ ಮನೆ?"

"ಆ ಮನೆ ಕಟ್ಟೇ ಇಲ್ಲ ಮಾವ."

ಬಾಯ್ಲರ್ ಮಾವನಿಗೆ ಐವತ್ತೇಳು. ಒಂಬತ್ತು ಜನರಲ್ಲಿ ಎಲ್ಲರಿಗಿಂತ ಹಿರಿಯ. ಅವನು ಹೆಗಲ ಮೇಲಿನ ಮಸಿಬಟ್ಟೆ ತೆಗೆದು ಮುಖ ಒರೆಸಿಕೊಂಡು ನಕ್ಕ. "ಭಲೇ! ಬಲಗಾಲು ಮುರೀಲೋ ಎಡಗಾಲು ಮುರೀಲೋ ಅಂತ ಕೇಳೋಕೆ ಪಾಪ ಸಾಹೇಬ್ರು ಬಿಸಿಲಲ್ಲಿ ಇಲ್ಲೀತನಕ ನಡ್ಕೊಂಡು ಬಂದ್ರಲ್ಲಪ್ಪ."

ಅಕ್ಕ ಮೇಜಿನ ಹತ್ತಿರದಿಂದಲೇ ಅಂದಳು: "ಕೇಳಿದಾರಲ್ಲ, ಅಷ್ಟಾದ್ರೂ. ಹಿಂದೆಲ್ಲ ಕೇಳ್ತಾನೇ ಇರಲಿಲ್ಲ."

"ಅಕ್ಕಾ!" ಸಾಸಿವೆ ಸಿಡಿದ. "ನಿನ್ನ ಹೆಸರೂ ಆ ಒಂಬತ್ತರಲ್ಲಿದೆ. ಪುಸ್ತಕದ ವಯಸ್ಸು ನೋಡ್ತಾರೆ, ನಿನ್ನ ಮುಖ ನೋಡಲ್ಲ."

ಅಕ್ಕ ಕೈಯಲ್ಲಿದ್ದ ಶೀಟು ಕೊಡವುವುದನ್ನು ನಿಲ್ಲಿಸಲಿಲ್ಲ. ಆದರೆ ಅದನ್ನೇ ಎರಡು ಸಲ ಕೊಡವಿದಳು.

ಕೇಳಿದರಲ್ಲ ಅಂತ ಸಮಾಧಾನಪಡುವುದು ಅವಳ ಸ್ವಭಾವ. ಮತ ಅಂದರೆ ಅವಳಿಗೆ ಮೈಯೆಲ್ಲ ಕಣ್ಣು. ಒಂದು ಚುನಾವಣೆಯಲ್ಲಿ ಪಟ್ಟಿಯಿಂದ ಅವಳ ಹೆಸರು ಬಿಟ್ಟುಹೋಗಿತ್ತು. ಎಂಟು ತಿಂಗಳು ಕಚೇರಿಯಿಂದ ಕಚೇರಿಗೆ ಚಪ್ಪಲಿ ಸವೆಸಿ ಹೆಸರು ಸೇರಿಸಿಕೊಂಡು ಬಂದಳು. ಜ್ವರ ಬಂದ ವರ್ಷ ಗೋಡೆ ಹಿಡಿದುಕೊಂಡು ಹೋಗಿ ಹಾಕಿ ಬಂದಳು. ಅವಳು ಮತ ಹಾಕಿದವರು ಗೆದ್ದದ್ದೂ ಉಂಟು, ಸೋತದ್ದೂ ಉಂಟು. ಗೆದ್ದಾಗ ಲಾಂಡ್ರಿಯ ಚಾವಣಿ ಸೋರಿತು, ಸೋತಾಗಲೂ ಸೋರಿತು. ಆ ಲೆಕ್ಕ ಸಾಸಿವೆ ಎತ್ತಿದರೆ ಅವಳು, "ಚಾವಣಿ ಬೇರೆ, ಇದು ಬೇರೆ" ಅನ್ನುವಳು. ಆಳುವವರು ಅವಳಿಗೆ ಇಪ್ಪತ್ತೆಂಟು ವರ್ಷದಲ್ಲಿ ಕೊಟ್ಟ ಮರ್ಯಾದೆ ಅಂದರೆ ಐದು ವರ್ಷಕ್ಕೊಂದು ಸಲ ಅವಳ ಹೆಸರನ್ನು ಪೂರ್ತಿ ಓದಿ ಕರೆದದ್ದು, ಅಷ್ಟೇ. ಅಷ್ಟಕ್ಕೇ ಸೋತುಹೋಗಿದ್ದಳು.

ಆ ಸಾಯಂಕಾಲವೇ ಸಾಸಿವೆ ಸಂಘದ ಲೀಡರಣ್ಣನ ಹತ್ತಿರ ಹೋದ. ಲೀಡರಣ್ಣ ಅಂದರೆ ಸಾಮಾನ್ಯನಲ್ಲ. ಹನ್ನೊಂದು ವರ್ಷದ ಹಿಂದೆ ಲಾಂಡ್ರಿಯ ಗೇಟಿನಲ್ಲಿ ಒಂಬತ್ತು ದಿನ ಕೂತು, ಡ್ರಮ್ಮು ನಿಲ್ಲಿಸಿ, ಎಲ್ಲರಿಗೂ ದಪ್ಪ ಗ್ಲೌಸು, ವರ್ಷಕ್ಕೆರಡು ರಕ್ತಪರೀಕ್ಷೆ ಕೊಡಿಸಿದವನು. ಸಾಸಿವೆ ಆಗ ಹೊಸಬ. ಆ ಒಂಬತ್ತು ದಿನದಲ್ಲಿ ಕಲಿತಷ್ಟನ್ನು ಯಾವ ಶಾಲೆಯಲ್ಲೂ ಕಲಿತಿರಲಿಲ್ಲ. ಈಗ ಲೀಡರಣ್ಣ ಒಂದು ಹಳೆಯ ಸೈಕಲ್ ಅಂಗಡಿಯಲ್ಲಿ ತೆರೆದ ಚುನಾವಣಾ ಕಚೇರಿಯಲ್ಲಿ ಕೂತಿದ್ದ. ಸಾರ್ವತ್ರಿಕ ಚುನಾವಣೆಗೆ ಹದಿಮೂರು ದಿನ ಉಳಿದಿತ್ತು. ಗೋಡೆಯ ತುಂಬ ಒಬ್ಬರದೇ ನಗುಮುಖ. ಆಸ್ಪತ್ರೆಗಳ ಕೆಲಸವನ್ನು ಕಂಪನಿಗಳಿಗೆ ಕೊಡಬಹುದು ಅನ್ನುವ ಕಾಯ್ದೆಗೆ ಹೋದ ಅವಧಿಯಲ್ಲಿ ಕೈ ಎತ್ತಿದ ಮುಖವೂ ಅದೇ.

"ಬಾರೋ ಸಾಸಿವೆ! ಏ, ಇವನಿಗೊಂದು ಟೀ ಕೊಡ್ರೋ."

ಸಾಸಿವೆ ಟೀ ಮುಟ್ಟಲಿಲ್ಲ. ನಿಂತೇ ಎಲ್ಲ ಹೇಳಿದ. "ನೀವು ಒಂದು ದಿನ ಗೇಟಿಗೆ ಬನ್ನಿ ಅಣ್ಣಾ. ನೀವು ನಿಂತ್ರೆ ನಾವು ಬಾಯ್ಲರ್ ಆರಿಸ್ತೀವಿ. ಎರಡು ದಿನ ಶೀಟಿಲ್ಲ ಅಂದ್ರೆ ಆಪರೇಷನ್ನೇ ನಿಲ್ತವೆ. ಅವರೇ ಓಡಿ ಬರ್ತಾರೆ."

"ಈಗಲಾ?" ಲೀಡರಣ್ಣ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. "ಚುನಾವಣೆ ಹೊತ್ತಲ್ಲಿ ನಾವು ಆಸ್ಪತ್ರೆ ನಿಲ್ಸಿದ್ರೆ ಪೇಪರಿನವರು ಏನು ಬರೀತಾರೆ? ರೋಗಿಗಳ ಹೊದಿಕೆ ಕಿತ್ತರು ಅಂತ ಬರೀತಾರೆ. ಆ ಕಡೆಯವ್ರು ಗೆದ್ದೇಬಿಡ್ತಾರೆ. ಅವರು ಬಂದ್ರೆ ಸಂಘಾನೇ ಇರಲ್ಲ ಮಾರಾಯ. ನಾನೂ ಇರಲ್ಲ, ನೀನೂ ಇರಲ್ಲ."

"ಕಾಯ್ದೆಗೆ ಕೈ ಎತ್ತಿದ್ದು ಈ ಕಡೆಯವ್ರೇ ಅಲ್ವಾ?"

"ಎತ್ತಿದ್ರು. ಇಲ್ಲ ಅಂದ್ನಾ? ಅವರಿಗೂ ಒತ್ತಡ ಇತ್ತು."

"ನಮಗಿಲ್ವಾ ಒತ್ತಡ?"

"ನೋಡೋ, ಹೆಬ್ಬಾವು ಬಾಗಿಲಿಗೆ ಬಂದಿರೋವಾಗ ಚೇಳಿನ ಜೊತೆ ಜಗಳ ಆಡ್ತಾ ಕೂರಬಾರದು."

"ಚೇಳು ಹಾಸಿಗೇಲಿದೆ ಅಣ್ಣಾ."

ಕೂತಿದ್ದವರು ನಕ್ಕರು. ಲೀಡರಣ್ಣನೂ ನಕ್ಕ. ಅವನಿಗೆ ಸಾಸಿವೆ ಮೇಲೆ ಪ್ರೀತಿಯೇ ಇತ್ತು, ಅದರಲ್ಲಿ ಸುಳ್ಳಿಲ್ಲ. ಎದ್ದು ಬಂದು ಹೆಗಲ ಮೇಲೆ ಕೈಹಾಕಿ ಹೇಳಿದ: "ಹದಿಮೂರು ದಿನ ತಡ್ಕೊ. ನಿಮ್ಮ ಮತದಾನ ಅದಕ್ಕೆ ಮೊದಲೇ ಇದೆ ಅಂದ್ರೆ, ಎರಡರಲ್ಲಿ ಯಾವುದು ಕಮ್ಮಿ ಕೆಟ್ಟದ್ದೋ ಅದಕ್ಕೆ ಹಾಕಿ. ಆಮೇಲೆ ಹೋರಾಟ ಮಾಡೋಣ. ಒಂದು ಮಾತು, ಮತ ಮಾತ್ರ ಹಾಳು ಮಾಡಬೇಡಿ."

ಸಾಸಿವೆ ಸೈಕಲ್ ತುಳಿದ ರಭಸಕ್ಕೆ ಚೈನು ಕಳಚಿತು. ರಸ್ತೆಬದಿ ಕೂತು ಗ್ರೀಸು ಮೆತ್ತಿದ ಬೆರಳಿನಲ್ಲಿ ಚೈನು ಕೂರಿಸುತ್ತ ಅವನು ಲೀಡರಣ್ಣನನ್ನು ಬಾಯಿಗೆ ಬಂದಂತೆ ಬೈದ. ಬೈಗುಳ ಮುಗಿದ ಮೇಲೂ ಸಿಟ್ಟು ಉಳಿಯಿತು. ಅವನಿಗೆ ಉರಿದದ್ದು ಲೀಡರಣ್ಣ ಮಾರಿಕೊಂಡಿದ್ದಾನೆ ಅಂತಲ್ಲ. ಮಾರಿಕೊಂಡಿದ್ದರೆ ಉಗಿದು ಬರಬಹುದಿತ್ತು. ಮನುಷ್ಯ ಮನಸಾರೆ ನಂಬಿ ಹೇಳುತ್ತಿದ್ದ. ಐದು ವರ್ಷಕ್ಕೊಮ್ಮೆ ಬರುವ ಆ ಹೆಬ್ಬಾವಿನ ಹೆದರಿಕೆಯಲ್ಲಿ ಚೇಳುಗಳಿಗೆ ಹಾಲೆರೆದು ಹಾಲೆರೆದು, ಈಗ ಅವನಿಗೆ ಚೇಳಿನ ಕುಟುಕು ನೋವೇ ಅನ್ನಿಸುತ್ತಿರಲಿಲ್ಲ. ಕುಟುಕು ಬೇರೆಯವರಿಗೆ ತಾನೇ.

ಮನೆಯಲ್ಲಿ ಅಕ್ಕ ತಟ್ಟೆಯಲ್ಲಿ ಅನ್ನ ಬಡಿಸಿಟ್ಟು ಕಾಯುತ್ತಿದ್ದಳು. ಅವನು ಲೀಡರಣ್ಣನ ದನಿ ಅಣಕಿಸಿ ಎಲ್ಲ ಒಪ್ಪಿಸಿದ. ಅವಳು ಗಮನವಿಟ್ಟು ಕೇಳಿದಳು.

"ಕಮ್ಮಿ ಕೆಟ್ಟದ್ದು ಅಂದ್ರೆ ಎರಡನೇದೇ ಅಲ್ವೇನೋ? ಒಂಬತ್ತು ಜನ. ನಲವತ್ತೊಂದಕ್ಕೆ ನೋಡಿದ್ರೆ..."

"ಆ ಒಂಬತ್ತರಲ್ಲಿ ನೀನಿದೀಯ!"

"ಇದೀನಿ. ಲೆಕ್ಕ ಲೆಕ್ಕಾನೇ ಅಲ್ವಾ?"

ಅವನು ತಟ್ಟೆ ಬಿಟ್ಟು ಎದ್ದ. ಅವಳು ಕೈಹಿಡಿದು ಕೂರಿಸಿದಳು. ಇಪ್ಪತ್ತೆಂಟು ವರ್ಷದಿಂದ ಅವನನ್ನು ಹಾಗೇ ಕೂರಿಸಿಕೊಂಡು ಬಂದವಳು.

ಎರಡು ದಿನ ಸಾಸಿವೆ ಆ ನೋಟಿಸನ್ನು ಓದಿದ್ದೇ ಓದಿದ್ದು. ಎಂಟನೇ ಕ್ಲಾಸಿನಲ್ಲಿ ಇಷ್ಟು ಓದಿದ್ದರೆ ಮೇಷ್ಟ್ರು ಅವನನ್ನು ಹೊರಗೆ ಹಾಕುತ್ತಿರಲಿಲ್ಲ. ನೋಟಿಸಿನ ಕೆಳಗೆ ಇರುವೆಯಂಥ ಅಕ್ಷರದಲ್ಲಿ ಮೂರು ನಿಯಮ ಇದ್ದವು. ಮತದಾನ ನಡೆಯದಿದ್ದರೆ, ಒಬ್ಬರಾದರೂ ಗೈರುಹಾಜರಾದರೆ ಅಥವಾ ಕಾರ್ಮಿಕರ ಸಾಕ್ಷಿ ಸಹಿ ಹಾಕದಿದ್ದರೆ ಮೊದಲನೇ ಪ್ರಸ್ತಾವನೆ ತಾನಾಗಿಯೇ ಜಾರಿ. ಅಂದರೆ ಬಹಿಷ್ಕಾರದ ದಾರಿ ಬಂದ್. ಎರಡನೆಯದು, ಗುರುತಿಲ್ಲದ ಚೀಟಿಗಳು ಎಣಿಕೆಗೆ ಬರುವುದಿಲ್ಲ. ಮೂರನೆಯದು, ಎಣಿಕೆಗೆ ಬಂದ ಚೀಟಿಗಳಲ್ಲಿ ಯಾವುದಕ್ಕೆ ಹೆಚ್ಚೋ ಅದು ಅಂಗೀಕೃತ.

ಬುಧವಾರ ಮಧ್ಯಾಹ್ನ ರೋಲರಿಗೆ ಶೀಟು ಕೊಡುತ್ತ ಕೊಡುತ್ತ ಅವನಿಗೆ ಹೊಳೆಯಿತು. ಎಲ್ಲರೂ ಬರುವುದು. ಎಲ್ಲರೂ ಚೀಟಿ ಹಾಕುವುದು. ಸಾಕ್ಷಿ ಸಹಿಯೂ ಹಾಕುವುದು. ಆದರೆ ಚೀಟಿಯ ಮೇಲೆ ಯಾರೂ ಏನೂ ಗೀಚದಿರುವುದು. ಆಗ ಮತದಾನ ನಡೆದಂತಾಯಿತು. ಮೊದಲನೇದು ತಾನಾಗಿಯೇ ಬರುವಂತಿಲ್ಲ. ಎಣಿಕೆಗೆ ಚೀಟಿ ಇಲ್ಲ, ಎರಡನೇದೂ ಬರುವಂತಿಲ್ಲ. ಸಾಹೇಬರು ಬರೆದ ಪ್ರಶ್ನೆಗೆ ಉತ್ತರವೇ ಇಲ್ಲ. ಹೊಸ ಪ್ರಶ್ನೆ ಬರೆಯಬೇಕಾದರೆ ಅವರು ಇವರ ಜೊತೆ ಕೂತು ಮಾತಾಡಬೇಕು.

"ಬಲೇಲಿ ತೂತು ಹುಡುಕಿದೀಯಲ್ಲೋ!" ಬಾಯ್ಲರ್ ಮಾವ ಅವನ ಬೆನ್ನಿಗೆ ಗುದ್ದಿದ. "ಆದ್ರೆ ನಲವತ್ತೊಂದು ಮೀನೂ ಅದೇ ತೂತಲ್ಲಿ ನುಗ್ಗಬೇಕು. ಒಂದು ಅಡ್ಡ ತಿರುಗಿದ್ರೂ ಎಲ್ಲ ಸಿಕ್ಕಿಬಿದ್ವಿ."

ಅದೇ ಕಷ್ಟದ ಕೆಲಸ. ಒಂಬತ್ತು ಜನ ಹಿರಿಯರು ಸುಲಭವಾಗಿ ಒಪ್ಪಿದರು. ಮೂವತ್ತೆರಡು ಜನಕ್ಕೆ ಎರಡನೇ ಪ್ರಸ್ತಾವನೆಯಲ್ಲಿ ನಷ್ಟವೇ ಇರಲಿಲ್ಲವಲ್ಲ! ಸಾಸಿವೆ ಒಬ್ಬೊಬ್ಬರ ಮನೆಗೂ ಹೋದ. ಒಬ್ಬನ ಜೊತೆ ಕ್ಷೌರದಂಗಡಿಯಲ್ಲಿ ಕೂತು ಮಾತಾಡಿದ, ಒಬ್ಬಳ ಗಂಡನಿಂದ ಬೈಸಿಕೊಂಡ. "ಇವತ್ತು ನಲವತ್ತೈದು ಅಂತ ಗೆರೆ ಎಳೆದಿದಾರೆ. ಗೆರೆ ಎಳೆಯೋ ಸೀಸದಕಡ್ಡಿ ಅವರ ಕೈಲಿದೆ. ಐದು ವರ್ಷ ಆದ್ಮೇಲೆ ನಲವತ್ತು ಅಂತಾರೆ. ಆಗ ನಿನ್ನ ಪರ ಯಾರು ಬರ್ತಾರೆ?" ಅದನ್ನೇ ಮೂವತ್ತು ಬಾಗಿಲಲ್ಲಿ ಹೇಳಿ ಗಂಟಲು ಕೆಟ್ಟಿತು. ಮಡಿಸುವ ವಿಭಾಗದಲ್ಲಿ ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳಿದ್ದಳು. ಎಲ್ಲರೂ ಅವಳನ್ನು ಮದುಮಗಳು ಅಂತಲೇ ಕರೆಯುತ್ತಿದ್ದರು. ಅವಳು ಎಲ್ಲರಿಗಿಂತ ಕೊನೆಗೆ ಒಪ್ಪಿದಳು. "ಅಣ್ಣಾ, ನಿಜ ಹೇಳ್ತೀನಿ, ನಂಗೆ ಭಯ. ಆದ್ರೆ ನಿಮ್ಮಕ್ಕ ನನ್ನ ಕೈಗೆ ಒಂದು ಸೂಜೀನೂ ಬಿಟ್ಟಿಲ್ಲ. ಖಾಲಿ ಹಾಕ್ತೀನಿ."

ಭಾನುವಾರ ಅಕ್ಕನನ್ನೂ ಕೇಳಿದ. ಕೇಳಬೇಕಾದದ್ದೇನೂ ಇರಲಿಲ್ಲ, ಶಾಸ್ತ್ರಕ್ಕೆ ಕೇಳಿದ.

"ಆಯ್ತು ಕಣೋ," ಅಂದಳು ಅಕ್ಕ. ಒಗೆದ ಬಟ್ಟೆ ಹಿಂಡುತ್ತಿದ್ದಳು, ತಲೆ ಎತ್ತಲಿಲ್ಲ.

ಸೋಮವಾರದ ಮತದಾನಕ್ಕೆ ಬೆರಳಿಟ್ಟು ತೋರಿಸುವಂಥ ಒಂದು ಕುಂದೂ ಇರಲಿಲ್ಲ. ಸಾಹೇಬರು ಒಂದು ಡಬ್ಬ ತಂದಿದ್ದರು. ಡಬ್ಬದ ಬಾಯಿ ತೆರೆದು, ತಲೆಕೆಳಗು ಮಾಡಿ, ಖಾಲಿ ಇದೆ ಅಂತ ಎಲ್ಲರಿಗೂ ತೋರಿಸಿ, ಅವರೆದುರೇ ಸೀಲು ಮಾಡಿದರು. ತಟಸ್ಥ ವೀಕ್ಷಕರು ಅಂತ ಒಬ್ಬ ನಿವೃತ್ತ ಮೇಷ್ಟ್ರನ್ನು ಕರೆತಂದಿದ್ದರು. ಬಿಳಿಮೀಸೆಯ, ಮೆಲುಮಾತಿನ ಸಭ್ಯ. ಮೂಲೆಯಲ್ಲಿ ಹಗ್ಗ ಕಟ್ಟಿ ಎರಡು ಬೆಡ್‌ಶೀಟು ಇಳಿಬಿಟ್ಟು ಮರೆ ಮಾಡಿದ್ದರು. ಶೀಟುಗಳನ್ನು ಹಿಂದಿನ ದಿನ ಇವರೇ ತೊಳೆದು ಇಸ್ತ್ರಿ ಮಾಡಿದ್ದರು. ಮರೆಯ ಒಳಗೊಂದು ಸ್ಟೂಲು, ದಾರ ಕಟ್ಟಿದ ಒಂದು ಪೆನ್ನು.

ಮೇಷ್ಟ್ರು ಒಬ್ಬೊಬ್ಬರ ಹೆಸರನ್ನೂ ಪೂರ್ತಿ ಓದಿ ಕರೆದರು. ಒಳಗೆ ಹೋದವರು ಮೂರೆಣಿಸುವಷ್ಟರಲ್ಲಿ ಹೊರಗೆ ಬರುತ್ತಿದ್ದರು. ಬಾಯ್ಲರ್ ಮಾವ ಹೋಗುತ್ತ, "ಕನ್ನಡಕ ಇಲ್ಲ ಸ್ವಾಮಿ, ತಡವಾದ್ರೆ ಕ್ಷಮಿಸಿ" ಅಂದು, ಹೋದಷ್ಟೇ ಬೇಗ ಬಂದ. ಜನ ಮುಸಿಮುಸಿ ನಕ್ಕರು. ಅಕ್ಕನ ಸರದಿ ಬಂದಾಗ ಅವಳು ಸೆರಗು ಸರಿಮಾಡಿಕೊಂಡು, ಒದ್ದೆ ಕೈಯನ್ನು ಎರಡು ಸಲ ಒರೆಸಿಕೊಂಡು ಒಳಗೆ ಹೋದಳು. ಸಾಸಿವೆ ಆ ಹೊತ್ತಿಗೆ ಪಟ್ಟಿಯಲ್ಲಿ ಟಿಕ್ಕು ಹಾಕುತ್ತಿದ್ದ. ಅವಳು ಎಷ್ಟು ಹೊತ್ತು ಒಳಗಿದ್ದಳು ಅಂತ ಅವನು ನೋಡಲಿಲ್ಲ.

ಎಣಿಕೆ ಶುರುವಾಯಿತು. ಸಾಹೇಬರು ಚೀಟಿ ಬಿಡಿಸುವುದು, ಮೇಷ್ಟ್ರಿಗೆ ತೋರಿಸುವುದು, ಕಾರ್ಮಿಕರ ಸಾಕ್ಷಿಯಾದ ಸಾಸಿವೆಗೆ ತೋರಿಸುವುದು.

"ಗುರುತಿಲ್ಲ," ಅಂದರು ಸಾಹೇಬರು. ಎರಡನೆಯದು. "ಗುರುತಿಲ್ಲ." ಐದನೆಯದಕ್ಕೆ ಸಾಹೇಬರ ಹುಬ್ಬು ಗಂಟಾಯಿತು. ಹತ್ತನೆಯದಕ್ಕೆ ಜನರ ಗುಂಪಿನಲ್ಲಿ ಯಾರೋ ಸಿಳ್ಳೆ ಹಾಕಿದರು. ಇಪ್ಪತ್ತಕ್ಕೆ ಸಾಸಿವೆಯ ಎದೆ ರೋಲರಿನ ಹಾಗೆ ಉರುಳತೊಡಗಿತು. ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಮೂವತ್ತು ಖಾಲಿ. ಜನ್ಮದಲ್ಲಿ ಅಷ್ಟು ಚೆಂದದ ಕಾಗದಗಳನ್ನು ಅವನು ನೋಡಿರಲಿಲ್ಲ.

ಮೂವತ್ತಾರನೆಯ ಚೀಟಿ ಬಿಡಿಸಿ ಸಾಹೇಬರು ಉಸಿರು ಬಿಟ್ಟರು. "ಎರಡನೇ ಪ್ರಸ್ತಾವನೆ. ಒಂದು."

ಚೀಟಿಯ ಎರಡನೇ ಮನೆಯ ನಡುಮಧ್ಯಕ್ಕೆ, ಗೆರೆ ಎಲ್ಲೂ ತಾಗದ ಹಾಗೆ, ಮುತುವರ್ಜಿಯಿಂದ ಹಾಕಿದ ಟಿಕ್ಕು.

ಮಿಕ್ಕ ಐದೂ ಖಾಲಿ.

ಸಾಹೇಬರು ಮೇಷ್ಟ್ರ ಕಿವಿಯಲ್ಲಿ ಏನೋ ಅಂದರು. ಮೇಷ್ಟ್ರು ನಿಯಮದ ಹಾಳೆ ಎರಡು ಸಲ ಓದಿದರು, ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ಆಮೇಲೆ ಎದ್ದು ನಿಂತು, ಬಹಳ ನೊಂದ ದನಿಯಲ್ಲಿ, "ಚಲಾವಣೆಯಾದ ಮತ ನಲವತ್ತೊಂದು. ಎಣಿಕೆಗೆ ಅರ್ಹವಾದದ್ದು ಒಂದು. ಒಂದರಲ್ಲಿ ಒಂದು. ಎರಡನೇ ಪ್ರಸ್ತಾವನೆಗೆ ಬಹುಮತ ಬಂದಿದೆ" ಅಂದರು.

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಬಾಯ್ಲರ್ ಮಾವನಿಗೆ ಎಲ್ಲರಿಗಿಂತ ಮೊದಲು ಆಯಿತು. "ಅಂದ್ರೆ ನಲವತ್ತು ಜನ ಬೇಡ ಅಂದಿದ್ದು ಲೆಕ್ಕಕ್ಕೆ ಬೇಡ, ಒಬ್ಬ ಹೂಂ ಅಂದಿದ್ದು ಬಹುಮತ?"

"ನಲವತ್ತು ಜನ ಬೇಡ ಅಂದಿಲ್ಲ," ಅಂದರು ಸಾಹೇಬರು. "ಏನೂ ಅಂದಿಲ್ಲ. ಏನೂ ಅನ್ನದೆ ಇರೋದು ನಿಮ್ಮ ಹಕ್ಕು. ಅದನ್ನ ನಾವು ಗೌರವಿಸ್ತೀವಿ."

ಸಾಸಿವೆ ಡಬ್ಬ ಎಳೆದುಕೊಂಡ. ಬೋರಲು ಹಾಕಿ ಬಡಿದ. ಚೀಟಿಗಳನ್ನು ಎಣಿಸಿದ, ಮತ್ತೆ ಎಣಿಸಿದ. ಕ್ರಮಸಂಖ್ಯೆ ನೋಡಿದ, ಸೀಲು ನೋಡಿದ, ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಎಲ್ಲಾದರೊಂದು ಮೋಸ ಸಿಗಲಿ ಅಂತ ಅವನ ಕೈ ತಡಕಾಡುತ್ತಿತ್ತು. ಒಂದು ಕಳ್ಳಚೀಟಿ, ಒಂದು ಒಡೆದ ಸೀಲು, ಏನಾದರೂ. ಸಾಹೇಬರು ಅವಸರ ಮಾಡಲಿಲ್ಲ. "ನಿಧಾನವಾಗಿ ನೋಡಿ, ಅದಕ್ಕೇ ಸಾಕ್ಷಿ ಇರೋದು," ಅಂದರು. ಮೋಸ ಇರಲಿಲ್ಲ. ಎಲ್ಲವೂ ಸರಿಯಾಗಿತ್ತು.

ಅಷ್ಟರಲ್ಲಿ ಹಿಂದೆ ಗಲಾಟೆ ಎದ್ದಿತ್ತು. ನಿನ್ನೆಯ ತನಕ ಒಂದೇ ಬಾಯಾಗಿದ್ದವರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. "ಮೂವತ್ತೆರಡರಲ್ಲೇ ಯಾರೋ." "ಯಾರಿಗೆ ಲಾಭ ಅಂತ ನೋಡಿ, ತಾನೇ ಗೊತ್ತಾಗತ್ತೆ." ಯಾರೋ ಸಾಸಿವೆಯನ್ನೂ ವಾರೆಗಣ್ಣಲ್ಲಿ ನೋಡಿದರು. ಡ್ರಮ್ಮಿನ ಕಡೆಯ ಒಬ್ಬಳು ಮದುಮಗಳ ತೋಳು ಹಿಡಿದೆಳೆದಳು. "ನೀನೇ ತಾನೇ ಕೊನೇತನಕ ಎಳೆದಾಡಿದ್ದು? ಸಾಲ ಮಾಡಿ ಮದುವೆ ಆದೋಳು. ಬೊಗಳು, ನೀನೇ ತಾನೇ?"

"ನಾನಲ್ಲ, ಆಣೆ, ನಾನಲ್ಲ!" ಹುಡುಗಿ ಅಳತೊಡಗಿದಳು.

"ಅವಳನ್ನ ಬಿಡಿ."

ಅಕ್ಕ ಕಲ್ಲುಮೇಜಿಗೆ ಒರಗಿ ನಿಂತಿದ್ದಳು. "ಆ ಮಗೂನ ಬಿಡಿ. ಹಾಕಿದ್ದು ನಾನು."

"ಮತದಾನ ರಹಸ್ಯ! ಯಾರೂ ಹೇಳಬಾರದು, ಹೇಳಬಾರದು!" ಮೇಷ್ಟ್ರು ಕೈಯಾಡಿಸಿದರು. ಯಾರೂ ಅವರ ಕಡೆ ತಿರುಗಲಿಲ್ಲ.

"ಖಾಲಿ ಬಿಡೋಕೆ ಕೈ ಬರಲಿಲ್ಲ," ಅಂದಳು ಅಕ್ಕ. ಅವಳು ತಮ್ಮನನ್ನು ನೋಡುತ್ತಿರಲಿಲ್ಲ. ಅವನ ಭುಜದಾಚೆ ಎಲ್ಲೋ ನೋಡುತ್ತಿದ್ದಳು. "ಖಾಲಿ ಬಿಡಬೇಕು ಅಂತಲೇ ಒಳಗೆ ಹೋದೆ. ಪೆನ್ನು ನೋಡಿದೆ. ಮತ ಹಾಳು ಮಾಡಬಾರದು ಅಂತ ಅಲ್ವಾ... ಇಷ್ಟು ವರ್ಷ ಒಂದೂ ಹಾಳು ಮಾಡಿಲ್ಲ. ಮೊದಲನೇದಕ್ಕೆ ಹಾಕಿದ್ರೆ ಎಲ್ಲರೂ ಹೋಗ್ತಾರೆ. ಎರಡನೇದ್ರಲ್ಲಿ ಒಂಬತ್ತು. ಅದರಲ್ಲಿ ನಾನೂ ಇದೀನಲ್ಲ, ಹಾಕಿದ್ರೆ ತಪ್ಪಿಲ್ಲ ಅನ್ನಿಸ್ತು. ಹೇಗೂ ನಲವತ್ತು ಜನ ಖಾಲಿ ಹಾಕ್ತಾರೆ, ನನ್ನ ಒಂದು ವೋಟಿಂದ ಏನಾಗತ್ತೆ ಅಂತ..."

ಮೇಜಿನ ಮೇಲಿದ್ದ ಒಂದು ಶೀಟು ಎಳೆದುಕೊಂಡು ಅಂಗೈಯಲ್ಲಿ ಸವರತೊಡಗಿದಳು.

ಸಾಸಿವೆಗೆ ಕಿರುಚಬೇಕು ಅನ್ನಿಸಿತು. ಬಾಯಿ ತೆರೆದ. ಜೀವಮಾನದಲ್ಲೇ ಮೊದಲ ಸಲ ಅವನು ಸಿಡಿಯಲಿಲ್ಲ. ಯಾರ ಮೇಲೆ ಸಿಡಿಯುವುದು? ಅವಳ ಮೇಲೆಯಾ? ಹದಿನೆಂಟು ತುಂಬಿದ ದಿನದಿಂದ ಗೋಡೆಗೋಡೆಗೂ ಬರೆದು, ಮೈಕಿನಲ್ಲಿ ಕೂಗಿ, ಪಟದಲ್ಲಿ ನಕ್ಕು ಅವಳಿಗೆ ಹೇಳಿಕೊಟ್ಟದ್ದನ್ನೇ ಅವಳು ಮಾಡಿದ್ದಳು. ಕೊಟ್ಟ ಎರಡರಲ್ಲಿ ಆರಿಸು. ಕಮ್ಮಿ ಕೆಟ್ಟದ್ದನ್ನು ಆರಿಸು. ಆರಿಸದೆ ಬರಬೇಡ. ಅವಳು ಹಾಕಿದ ಅಷ್ಟೂ ಮತಗಳಲ್ಲಿ ಎಣಿಕೆಗೆ ಬಂದು ಏನನ್ನಾದರೂ ನಡೆಸಿಕೊಟ್ಟದ್ದು ಇದೊಂದೇ.

ಸಾಹೇಬರು ಹಾಳೆ ಮುಂದಿಟ್ಟರು. "ಮತದಾನ ಶಾಂತಿಯುತವಾಗಿ, ನ್ಯಾಯಯುತವಾಗಿ ನಡೆಯಿತು ಅಂತ. ಇಲ್ಲಿ ಸಾಕ್ಷಿ."

"ಹಾಕಲ್ಲ."

"ನಿಮ್ಮ ಇಷ್ಟ. ಬಲವಂತ ಇಲ್ಲ." ಸಾಹೇಬರ ದನಿಯಲ್ಲಿ ನಿಜವಾಗಿಯೂ ಬಲವಂತ ಇರಲಿಲ್ಲ. "ಸಹಿ ಇಲ್ಲದಿದ್ರೆ ಮೊದಲನೇ ಪ್ರಸ್ತಾವನೆ ಜಾರಿಯಾಗತ್ತೆ. ನಲವತ್ತೊಂದು ಜನರ ಬಗ್ಗೆ ಯೋಚನೆ ಮಾಡಿ."

ಸಾಸಿವೆ ತಿರುಗಿ ನೋಡಿದ. ಮದುಮಗಳು ಮೂಗು ಒರೆಸಿಕೊಳ್ಳುತ್ತ ಅವನ ಕೈಯನ್ನೇ ನೋಡುತ್ತಿದ್ದಳು. ಮೂವತ್ತೆರಡು ಜನವೂ ಅವನ ಕೈಯನ್ನೇ ನೋಡುತ್ತಿದ್ದರು. ಹಾಕು ಅಂತ ಯಾರೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಕೊನೆಗೆ ಬಾಯ್ಲರ್ ಮಾವ, "ಹಾಕಪ್ಪ. ಇದ್ದೋರಾದ್ರೂ ಇರಲಿ" ಅಂದು, ಹೆಗಲ ಮೇಲಿನ ಮಸಿಬಟ್ಟೆಯನ್ನು ಬಾಯ್ಲರಿನ ಹಿಡಿಗೆ ನೇತುಹಾಕಿ, ಅಕ್ಕನ ಪಕ್ಕದಲ್ಲೇ ಹಾದು, ಅವಳನ್ನು ನೋಡದೆ ಹೊರಗೆ ಹೋದ.

ಸಾಸಿವೆ ಸಹಿ ಹಾಕಿದ. ನ್ಯಾಯಯುತವಾಗಿ ಅನ್ನುವ ಪದದ ಕೆಳಗೆ, ಜಾಗ ಬಿಟ್ಟ ಕಡೆ, ಪೂರ್ತಿ ಹೆಸರು ಬರೆದ.

ಆ ವಾರ ಕಲ್ಲುಮೇಜಿಗೆ ಬೇರೆಯವರನ್ನು ನಿಲ್ಲಿಸಿದರು. ಅಕ್ಕ ಬೆಳಿಗ್ಗೆ ಐದಕ್ಕೇ ಎದ್ದು, ಸ್ನಾನ ಮಾಡಿ, ತಮ್ಮನ ಬುತ್ತಿ ಕಟ್ಟಿ, ಬಾಗಿಲ ಹತ್ತಿರ ಕೂರುವಳು. ಅವನು ಬರುವ ತನಕ ಅಲ್ಲೇ. "ಬಯ್ಯೋ ನನ್ನ," ಅಂದಳು ಒಂದು ದಿನ. "ಒಂದು ಸಲ ಬೈದುಬಿಡು." ಅವನು ಬುತ್ತಿ ಡಬ್ಬಿ ತೊಳೆಯುತ್ತ ನಿಂತ. ಉಳಿದ ಎಂಟು ಜನರ ಮನೆಗೂ ಅವಳು ಹೋಗಿ ಬಂದಿದ್ದಳಂತೆ. ಯಾರೂ ಒಂದು ಕೆಟ್ಟ ಮಾತಾಡಲಿಲ್ಲವಂತೆ. ಯಾರೂ ಕೂತುಕೋ ಅಂತಲೂ ಅನ್ನಲಿಲ್ಲವಂತೆ.

ಸಾರ್ವತ್ರಿಕ ಚುನಾವಣೆಯ ಭಾನುವಾರ ಅವನು ಮುಸುಕೆಳೆದು ಮಲಗಿದ್ದ. ಅಕ್ಕ ಇಸ್ತ್ರಿ ಮಾಡಿದ ಸೀರೆ ಉಟ್ಟು, ಗುರುತಿನ ಚೀಟಿ ಹಿಡಿದು ತಲೆದೆಸೆಯಲ್ಲಿ ನಿಂತಳು.

"ಬರಲ್ವಾ?"

"ಯಾರಿಗೆ ಹಾಕ್ತೀಯ ಅಕ್ಕಾ?"

"ಗೊತ್ತಿಲ್ಲ." ಗುರುತಿನ ಚೀಟಿಯನ್ನು ಸೆರಗಿನಲ್ಲಿ ಒರೆಸುತ್ತ ಅಂದಳು: "ಅಲ್ಲಿ ಅವರೆಲ್ಲ ಬಂದಿರ್ತಾರೆ. ಒಬ್ಬಳೇ ಹೋಗೋಕೆ ಆಗ್ತಿಲ್ಲ ಕಣೋ."

ಹೋಗಬೇಡ ಅನ್ನಬಹುದಿತ್ತು. ಇವತ್ತಾದರೂ ಮನೆಯಲ್ಲಿ ಕೂರು ಅನ್ನಬಹುದಿತ್ತು. ಕೂತು ಏನು ಮಾಡುತ್ತಾಳೆ? ಅವಳನ್ನು ಹೆಸರು ಹಿಡಿದು ಕರೆಯುವ ಜಾಗ ಅಂತ ಇನ್ನು ಉಳಿದಿದ್ದು ಅದೊಂದೇ. ಅವನು ಎದ್ದು ಅಂಗಿ ಹಾಕಿಕೊಂಡ.

ಶಾಲೆಯ ಅಂಗಳದಲ್ಲಿ ಸಾಲು ಗೇಟಿನ ತನಕ ಬಂದಿತ್ತು. ರಸ್ತೆಯ ಆಚೆ ಲೀಡರಣ್ಣ ಬಂದವರಿಗೆಲ್ಲ ಕೈಮುಗಿಯುತ್ತಿದ್ದ. ಸಾಸಿವೆಗೂ ಮುಗಿದ, ಅಕ್ಕನಿಗೂ ಮುಗಿದ. ಸಾಲಿನ ಕೊನೆಗೆ ನಿಂತಿದ್ದದ್ದು ಬಾಯ್ಲರ್ ಮಾವ. ಅಕ್ಕ ಅವನ ಹಿಂದೆ ಹೋಗಿ ನಿಂತಳು. ಮಾವ ಹೆಜ್ಜೆ ಸಪ್ಪಳಕ್ಕೆ ತಿರುಗಿ ನೋಡಿ, ಮತ್ತೆ ಮುಂದಕ್ಕೆ ತಿರುಗಿ, ಒಂದು ಹೆಜ್ಜೆ ಮುಂದೆ ಸರಿದುಕೊಂಡ. ಇಬ್ಬರ ನಡುವೆ ಒಬ್ಬ ಮನುಷ್ಯ ಹಿಡಿಸುವಷ್ಟು ಜಾಗ ಬಿತ್ತು.

"ಏ ಅಮ್ಮಾ, ಮಧ್ಯ ಜಾಗ ಬಿಡಬೇಡಿ! ಒತ್ತಾಗಿ ನಿಂತ್ಕೊಳ್ಳಿ!" ಪೊಲೀಸಿನವನು ಲಾಠಿಯಲ್ಲಿ ನೆಲ ಕುಟ್ಟಿದ.

ಅಕ್ಕ ಅರ್ಧ ಹೆಜ್ಜೆ ಮುಂದೆ ಹೋದಳು. ಮಾವನೂ ಅರ್ಧ ಹೆಜ್ಜೆ ಮುಂದೆ ಹೋದ. ಅವಳ ಬೆನ್ನ ಹಿಂದೆ ಸಾಸಿವೆ ಮುಷ್ಟಿ ಬಿಗಿದು ನಿಂತಿದ್ದ. ಆ ಮುಷ್ಟಿಯಿಂದ ಮಾಡಬಹುದಾದದ್ದು ಯಾವುದೂ ಅಲ್ಲಿರಲಿಲ್ಲ. ಸಾಲು ಸರಿಯಿತು. ಅವನೂ ಸರಿದ.